ಬೇಸಿಗೆಯಲ್ಲಿ ಲಾನ್ ಹಳದಿಯಾದರೆ: ನಿಮ್ಮ ಪ್ರಶ್ನೆ, ತೋಟಗಾರರ ಉತ್ತರ

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್. ಮನೆ ಮುಂದೆ 10 ಅಡಿ ಅಗಲ, 12 ಅಡಿ ಉದ್ದಕ್ಕೆ ಮೆಕ್ಸಿಕನ್ ಹುಲ್ಲು ಹಾಕಿಸಿದ್ದೇವೆ. ಮಾರ್ಚ್ ಬಂದಾಗಿನಿಂದ ಹಳದಿಯಾಗುತ್ತಿದೆ. ದಿನಾ ಬೆಳಿಗ್ಗೆ, ಸಂಜೆ ಪೈಪ್‌ನಲ್ಲಿ ಎರಡೆರಡು ನಿಮಿಷ ನೀರು ಹಾಕುತ್ತೇವೆ. ಆದರೂ ಸುಧಾರಿಸಿಲ್ಲ. ಗೇಟ್ ಪಕ್ಕ ಒಂದು ಕಡೆಯಂತೂ ಪೂರ್ತಿ ಒಣಗಿದೆ. ಹೋದ ವರ್ಷವೂ ಅದೇ ಜಾಗ. ನರ್ಸರಿಯವರು ಯೂರಿಯಾ ಎರಚಿ ಅಂತಾರೆ. ಹಾಕಲಾ?

ಉತ್ತರ: ಯೂರಿಯಾ ಈಗ ಖಂಡಿತ ಬೇಡ ಮೇಡಂ. ಈ ಬಿಸಿಲಲ್ಲಿ ಹುಲ್ಲು ಸುಟ್ಟುಹೋಗುತ್ತದೆ. ಸುಡದೆ ಉಳಿದರೂ ಹೊಸ ಚಿಗುರು ಬಂದು ಇನ್ನೂ ಜಾಸ್ತಿ ನೀರು ಕೇಳುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೋಡೋಣ.

ನೀರಿನ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ಹಾಕಿದರೆ ಒಂದು ಮಿಲಿಮೀಟರ್ ಮಳೆ ಬಿದ್ದ ಹಾಗೆ. ನಿಮ್ಮದು 120 ಚದರ ಅಡಿ, ಅಂದರೆ ಸುಮಾರು 11 ಚದರ ಮೀಟರ್. ಇಂಥ ಲಾನ್‌ಗೆ ಬೇಸಿಗೆಯಲ್ಲಿ ವಾರಕ್ಕೆ 25 ಮಿ.ಮೀ. ಇದ್ದರೆ ಬದುಕಿಕೊಳ್ಳುತ್ತದೆ. ಒಟ್ಟು 275 ಲೀಟರ್. ಈಗ ನಿಮ್ಮ ಪೈಪ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಬರುತ್ತದೆ ಅಂದುಕೊಳ್ಳಿ. ಎರಡು ನಿಮಿಷಕ್ಕೆ 30, ದಿನಕ್ಕೆ 60, ವಾರಕ್ಕೆ 420 ಲೀಟರ್! ಬೇಕಾದ್ದಕ್ಕಿಂತ ಜಾಸ್ತಿನೇ ಹಾಕುತ್ತಿದ್ದೀರಿ. ಆದರೆ ಒಂದು ಸಲಕ್ಕೆ ಬೀಳುವುದು ಮೂರು ಮಿ.ಮೀ. ಕೂಡ ಇಲ್ಲ. ಅದು ಎಲೆ ನೆನೆಸಿ, ಮೇಲ್ಮಣ್ಣು ಮುಟ್ಟಿ, ಹತ್ತು ಗಂಟೆ ಬಿಸಿಲಿಗೆ ಆವಿಯಾಗುತ್ತದೆ. ಕೆಳಗೆ ತೇವ ಇಲ್ಲದಿದ್ದರೆ ಬೇರು ಕೆಳಗೆ ಯಾಕೆ ಹೋಗುತ್ತೆ ಹೇಳಿ?

ವಾರಕ್ಕೆ ಎರಡೇ ಸಲ ಹಾಕಿ, ಆದರೆ ಚೆನ್ನಾಗಿ ಹಾಕಿ. ಬಕೆಟ್ ಇಟ್ಟು ನಿಮ್ಮ ಪೈಪ್ ನಿಮಿಷಕ್ಕೆ ಎಷ್ಟು ಬಿಡುತ್ತದೆ ಅಂತ ಮೊದಲು ನೋಡಿ. 15 ಲೀಟರ್ ಆದರೆ ಒಂದು ಸಲಕ್ಕೆ ಒಂಬತ್ತು ನಿಮಿಷ. ನೀರು ರಸ್ತೆ ಕಡೆ ಹರಿಯಲು ಶುರುವಾದರೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಉಳಿದದ್ದು ಹಾಕಿ. ಮುಗಿದ ಮೇಲೆ ಒಂದು ಉದ್ದದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ನಾಲ್ಕೈದು ಇಂಚು ಸಲೀಸಾಗಿ ಇಳಿದರೆ ಸರಿಯಾಗಿ ನೆನೆದಿದೆ. ಬೆಳಿಗ್ಗೆ ಎಂಟರೊಳಗೆ ಹಾಕಿ. ಸಂಜೆಯದು ಬಿಡಿ, ರಾತ್ರಿಯೆಲ್ಲ ಎಲೆ ಒದ್ದೆ ಇದ್ದರೆ ಶಿಲೀಂಧ್ರ ಬರುತ್ತದೆ.

ಈ ಬದಲಾವಣೆ ಒಂದೇ ದಿನಕ್ಕೆ ಮಾಡಬೇಡಿ. ಮೊದಲು ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ. ಹುಲ್ಲಿನ ಮೇಲೆ ನಡೆದಾಗ ಹೆಜ್ಜೆ ಗುರುತು ಹಾಗೇ ಉಳಿದರೆ ನೀರು ಕೇಳುತ್ತಿದೆ ಅಂತ ಅರ್ಥ.

ಗೇಟ್ ಪಕ್ಕದ ಜಾಗದಲ್ಲಿ ಒಂದು ಗೇಣು ಅಗೆದು ನೋಡಿ, ಏನು ಸಿಕ್ಕಿತು ಹೇಳಿ. ಪ್ರತಿ ವರ್ಷ ಒಂದೇ ಕಡೆ ಒಣಗಿದರೆ ತೊಂದರೆ ಹುಲ್ಲಿನದ್ದಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ): ಸರ್, ನಮ್ಮದು ಎರೆ ಮಣ್ಣು. ಲಾನ್ ನಡುವೆ ಬೆರಳು ತೂರುವಷ್ಟು ಬಿರುಕು ಬಿಟ್ಟದ. ಹುಲ್ಲು ಸಣ್ಣಗೆ ಕತ್ತರಿಸಿದ್ರ ನೀರು ಕಡಿಮಿ ಸಾಕು ಅಂತ ಮಾಲಿ ಹೇಳ್ತಾನ್ರೀ. ಖರೇ ಏನು?

ಉತ್ತರ: ಇಲ್ಲ ಸರ್, ಉಲ್ಟಾ. ಬೇಸಿಗೆಯಲ್ಲಿ ಹುಲ್ಲು ಒಂದೂವರೆಯಿಂದ ಎರಡು ಇಂಚು ಇರಲಿ. ಎಲೆಯ ನೆರಳಿಗೆ ಮಣ್ಣು ತಂಪಾಗಿರುತ್ತದೆ, ಬೇರೂ ಆಳಕ್ಕೆ ಹೋಗುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. ಕತ್ತರಿಸಿದ ಹುಲ್ಲು ಸಣ್ಣಗಿದ್ದರೆ ಅಲ್ಲೇ ಬಿಡಿ, ಮುಚ್ಚಿಗೆ ಆಗುತ್ತದೆ. ಇನ್ನೊಂದು, ಮಷಿನ್ ಓಡಿಸಿದ ಮರುದಿನ ಎಲೆ ತುದಿ ಹತ್ತಿರದಿಂದ ನೋಡಿ. ನಾರು ನಾರಾಗಿ ಹರಿದು ಬೆಳ್ಳಗಾಗಿದ್ದರೆ ಬ್ಲೇಡ್ ಮೊಂಡಾಗಿದೆ. ದೂರದಿಂದ ಲಾನ್ ಬಾಡಿದ ಹಾಗೆ ಕಾಣುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ಬಿರುಕಿಗೆ ಪುಡಿ ಮಾಡಿದ ಕಾಂಪೋಸ್ಟ್ ತುಂಬಿ. ಎರೆ ಮಣ್ಣು ನೀರು ಕುಡಿಯುವುದು ನಿಧಾನ, ಹಿಡಿದಿಡುವುದು ಜಾಸ್ತಿ. ಹಾಗಾಗಿ ನೀವು ಮೈಸೂರಿನವರಿಗಿಂತ ಇನ್ನೂ ಅಂತರ ಕೊಡಬಹುದು, ಆದರೆ ಪೈಪ್ ಸಣ್ಣಗೆ ಬಿಡಿ.

ಪ್ರಶ್ನೆ (ಬೆಂಗಳೂರಿನಿಂದ): ನಮ್ಮ ಕಡೆ ನೀರೇ ಇಲ್ಲ ಸರ್, ಟ್ಯಾಂಕರ್ ತರಿಸುತ್ತಿದ್ದೇವೆ. ಆರ್‌ಓ ವೇಸ್ಟ್ ನೀರು, ವಾಷಿಂಗ್ ಮಷಿನ್ ನೀರು ಹಾಕಬಹುದಾ? ಅಥವಾ ಸುಮ್ನೆ ಪ್ಲಾಸ್ಟಿಕ್ ಲಾನ್ ಹಾಕಿಸಿಬಿಡಲಾ?

ಉತ್ತರ: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಗಾರ್ಡನ್‌ಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿದೆಯಲ್ವಾ? ಟ್ಯಾಂಕರ್ ನೀರನ್ನು ಹುಲ್ಲಿಗೆ ಸುರಿಯಿರಿ ಅಂತ ನಾನಂತೂ ಹೇಳುವುದಿಲ್ಲ. ಅಪಾರ್ಟ್‌ಮೆಂಟ್ ಆದರೆ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಶುದ್ಧ ಮಾಡಿದ ನೀರು ಬಳಸಿ. ಆರ್‌ಓ ವೇಸ್ಟ್ ನೀರಲ್ಲಿ ಉಪ್ಪಿನಂಶ ಜಾಸ್ತಿ. ಬೋರ್‌ವೆಲ್ ನೀರಿನದಾದರೆ ಇನ್ನೂ ಜಾಸ್ತಿ. ಬೇರೆ ನೀರು ಬೆರೆಸಿ ಆಗಾಗ ಹಾಕಬಹುದು, ಅದೊಂದನ್ನೇ ನಂಬಬೇಡಿ. ಬಟ್ಟೆಯದು ಸೋಪಿನ ಮೊದಲ ನೀರು ಬೇಡ, ಕೊನೆಯ ಜಾಲಿಸಿದ ನೀರು ಪರವಾಗಿಲ್ಲ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ.

ಪ್ಲಾಸ್ಟಿಕ್ ಲಾನ್ ಬಿಸಿಲಿಗೆ ಕಾಲಿಡಲಾಗದಷ್ಟು ಕಾಯುತ್ತದೆ. ನೆರಳಿನ ಬಾಲ್ಕನಿಗೆ ಸರಿ, ಬಯಲಿಗೆ ಬೇಡ.

ಮೈಸೂರಿನವರು: ಸರ್, ಅಗೆದೆ. ಎರಡು ಇಂಚಿಗೇ ಟಣ್ ಅಂತು. ಸಿಮೆಂಟ್ ಗಾರೆ, ಇಟ್ಟಿಗೆ ಚೂರು, ಜಲ್ಲಿ!

ಉತ್ತರ: ಅದೇ ನೋಡಿ. ಮನೆ ಕಟ್ಟಿದವರು ಡೆಬ್ರಿ ಹೊರಗೆ ಸಾಗಿಸದೆ ಮೇಲೆ ಒಂದಿಷ್ಟು ಕೆಂಪು ಮಣ್ಣು ಎಳೆದಿದ್ದಾರೆ. ಎಷ್ಟೋ ಮನೆಗಳಲ್ಲಿ ಹೀಗೇ. ಅರ್ಧ ಅಡಿ ಆಳದವರೆಗೆ ಎಲ್ಲಾ ತೆಗೆಸಿ. ಎರಡು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್ ತುಂಬಿ, ತುಳಿದು ಕೂರಿಸಿ. ಹುಲ್ಲು ಈಗಲೇ ನೆಡಬೇಡಿ. ಮಳೆ ಶುರುವಾದ ಮೇಲೆ ಪಕ್ಕದಿಂದಲೇ ಸಣ್ಣ ಸಣ್ಣ ತುಂಡು ಕಿತ್ತು ನೆಟ್ಟರೆ ಸಾಕು. ಆದರೆ ಮೆಕ್ಸಿಕನ್ ನಿಧಾನ, ಗರಿಕೆಯ ಹಾಗೆ ಬೇಗ ಹಬ್ಬುವುದಿಲ್ಲ.

ಹುಬ್ಬಳ್ಳಿಯವರು: ಒಂದು ಮೂಲಿ ಪೂರ್ತಿ ಕಂದಾಗೇದ. ಅದು ಸತ್ತದೋ, ಜೀವ ಅದನೋ ಹೆಂಗ ತಿಳೀಬೇಕ್ರೀ?

ಉತ್ತರ: ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ. ಬೇರಿಲ್ಲದೆ ಚಾಪೆಯಂತೆ ಎದ್ದು ಬಂದರೆ ಕೆಳಗೆ ಗೊಣ್ಣೆಹುಳು ಅಥವಾ ಗೆದ್ದಲು ಇದೆಯಾ ನೋಡಿ. ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಬುಡ ಬಿಡಿಸಿ ನೋಡಿ. ಬುಡ ಬೆಳ್ಳಗೆ, ಗಟ್ಟಿಯಾಗಿದ್ದರೆ ಜೀವ ಇದೆ, ಬಿಸಿಲಿಗೆ ಮಲಗಿದೆ ಅಷ್ಟೇ. ಆಗಲೂ ಅನುಮಾನವಾದರೆ ಒಂದು ಚದರ ಅಡಿಗೆ ಮಾತ್ರ ಎರಡು ವಾರ ನೀರು ಕೊಟ್ಟು ನೋಡಿ. ಅಲ್ಲಿ ಹಸಿರು ಮೂಡಿದರೆ ಉಳಿದದ್ದೂ ಮಳೆಗೆ ಬರುತ್ತದೆ, ಹೊಸ ಹುಲ್ಲಿಗೆ ದುಡ್ಡು ಹಾಕಬೇಡಿ.