ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸಿದವರು ಅನುಭವ ಹೇಳಿ

ಪ್ರಶ್ನೆ, ಬೈತಖೋಲದಿಂದ:
ನಮಸ್ಕಾರ. ಕಾರವಾರದ ಬೈತಖೋಲದಲ್ಲಿ ನಾವು ನಾಲ್ಕೈದು ಹೆಂಗಸರು ಸೇರಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದೇವೆ. ಒಡಿಶಾ, ಜಾರ್ಖಂಡ್ ಕಡೆಯಿಂದ ಬೋಟಿಗೆ, ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಯಾರಿಗೂ ಕನ್ನಡ ಬರುವುದಿಲ್ಲ. ಒಬ್ಬಳಿಗೆ ಹತ್ತು ವರ್ಷ, ಇನ್ನೂ ಶಾಲೆಯ ಮುಖ ನೋಡಿಲ್ಲ. ಜನನ ಪ್ರಮಾಣಪತ್ರವೂ ಇಲ್ಲ. ಅವಳನ್ನು ಯಾವ ತರಗತಿಗೆ ಸೇರಿಸಬೇಕು? ಖರ್ಚಿಗೆ ನೀವೆಲ್ಲ ಎಲ್ಲಿಂದ ಹೊಂದಿಸಿದಿರಿ?

ಅಂಕೋಲೆಯ ನಿವೃತ್ತ ಮಾಸ್ತರು:
ನಾನು ಕೆಲಸ ಮಾಡಿದ್ದೆಲ್ಲ ಕರಾವಳಿಯ ಸರ್ಕಾರಿ ಶಾಲೆಗಳಲ್ಲೇ. ಕನ್ನಡ ಬಾರದ ಮಕ್ಕಳು ಅಂದ ಕೂಡಲೇ ಈಗಿನವರು ಗಾಬರಿಯಾಗುತ್ತಾರೆ. ಕಾರವಾರದ ಮಕ್ಕಳು ಮನೆಯಲ್ಲಿ ಮಾತಾಡುವುದು ಕೊಂಕಣಿ. ಭಟ್ಕಳದಲ್ಲಿ ನವಾಯತಿ. ಜೋಯಿಡಾ ಕಡೆ ಮರಾಠಿ. ಅವರಿಗೆಲ್ಲ ಕನ್ನಡ ಅಕ್ಷರ ಕಲಿಸಿದ್ದು ನಾವೇ ಅಲ್ವಾ?

ನನ್ನ ಶಾಲೆಗೆ ಬೋಟಿನಲ್ಲಿ ದುಡಿಯುವ ಒಡಿಶಾದ ಖಲಾಸಿಯೊಬ್ಬರ ಮಗ ಬಂದ. ಒಂಬತ್ತು ವರ್ಷ. ಜನನ ದಾಖಲೆ ತರದೆ ಸೇರಿಸುವಂತಿಲ್ಲ ಎಂದು ಒಬ್ಬರು ಹೇಳಿದರು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ ಎಂದು ಅದರ 14ನೇ ಕಲಮಿನಲ್ಲಿದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಎಂದು 4ನೇ ಕಲಂ ಹೇಳುತ್ತದೆ. ಎರಡನ್ನೂ ಜೆರಾಕ್ಸ್ ಮಾಡಿಸಿ ಮೇಜಿನ ಮೇಲಿಟ್ಟೆ. ನಾಲ್ಕನೇ ತರಗತಿಗೆ ಹೆಸರು ಬರೆದೆ. ಬೆಳಿಗ್ಗೆ ಮಾತ್ರ ಆಟವಾಡುತ್ತ ಕಲಿಯುವ ನಲಿ-ಕಲಿಯ ಸಣ್ಣ ಮಕ್ಕಳ ಜೊತೆ ಕೂರಿಸಿದೆ. ಮೊದಲ ತಿಂಗಳು ಕಿಟಕಿ ಪಕ್ಕ ಕೂತು ಬಾಯಿ ಬಿಡಲಿಲ್ಲ. ಆಮೇಲೆ ಅವನು ಮೊದಲು ಕಲಿತದ್ದು ಕೊಂಕಣಿ! ಲಗೋರಿ ಆಡುವಾಗ ಜಗಳ ಆಡಲಿಕ್ಕೆ ಬೇಕಲ್ಲ. ಕನ್ನಡ ಅದರ ಹಿಂದೆ ಬಂತು.

ನಮ್ಮನ್ನು ಸೋಲಿಸಿದ್ದು ಕ್ಯಾಲೆಂಡರ್. ಮೀನು ಹಿಡಿಯುವ ಬೋಟಿಗೆ ಜೂನ್ 1ರಿಂದ ಜುಲೈ 31ರವರೆಗೆ ಬಂದ್. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಮನೆಯವರೆಲ್ಲ ಊರಿಗೆ ಹೋಗುತ್ತಾರೆ, ಆಗಸ್ಟಿನಲ್ಲಿ ಬರುತ್ತಾರೆ. ಬರುವಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿಗೆ ಕೆಂಪು ಗೆರೆ. ವರ್ಷದ ಮಧ್ಯೆ ಬಂದರೂ ಸೇರಿಸಲೇಬೇಕು ಎಂದು 15ನೇ ಕಲಂ ಇದೆ. ಆದರೆ ಎರಡು ತಿಂಗಳು ಪಾಠವೇ ಇಲ್ಲದ ಮಗುವಿಗೆ ಆಗಸ್ಟಿನಲ್ಲಿ ಕಲಿಸುವವರು ಯಾರು? ಆ ತರಬೇತಿಗೆ ಬೇರೆ ಶಿಕ್ಷಕರು ಬರಲೇ ಇಲ್ಲ.

ಶಿರಸಿ ತೋಟದಮನೆ:
ಮಾಸ್ತರೇ, ನೀವು ಕಾಯ್ದೆ ಹೇಳಿದಿರಿ. ನಾನು ದುಡ್ಡಿನ ಲೆಕ್ಕ ಹೇಳುತ್ತೇನೆ. ನಮ್ಮೂರ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಹತ್ತರ ಕೆಳಗೆ ಇಳಿದಿತ್ತು. ನಮ್ಮವರ ಮಕ್ಕಳೆಲ್ಲ ಪೇಟೆಯ ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತಿದ್ದರು. ತೋಟದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಕೊಪ್ಪಳದಿಂದ, ಬಿಹಾರದಿಂದ ಬಂದವರ ಮಕ್ಕಳು ಶೆಡ್ಡಿನಲ್ಲಿ ಸುಮ್ನೆ ಕೂತಿದ್ದರು. ನಾನು ಆಗ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿದ್ದೆ. ರಿಕ್ಷಾ ಮಾಡಿದೆವು. ತಿಂಗಳಿಗೆ 6,500. ಐದು ಮನೆ ಹಂಚಿಕೊಂಡೆವು, ತಲಾ 1,300. ಮಳೆಗಾಲಕ್ಕೆ ರೇನ್‌ಕೋಟು ಒಂದಕ್ಕೆ 380. ನೋಟ್‌ಬುಕ್ಕು, ಕಂಪಾಸು, ಚಪ್ಪಲಿ ಬೇರೆ. ಕೊಳೆ ಬಂದು ಅಡಕೆ ಉದುರಿದ ವರ್ಷ ಎರಡು ಮನೆಯವರು ಕೈ ಎತ್ತಿದರು. ಆ ಪಾಲೂ ನನ್ನ ತಲೆಗೇ ಬಂತು. ದೀಪಾವಳಿ ಕಳೆದ ಮೇಲೆ ರಿಕ್ಷಾಕ್ಕೆ ಮೂರು ತಿಂಗಳ ಮುಂಗಡ ಕೊಟ್ಟೆ. ಅದೇ ವಾರ ರಸ್ತೆ ಕಂತ್ರಾಟುದಾರ ರಾತ್ರೋರಾತ್ರಿ ಮೂರು ಸಂಸಾರವನ್ನು ಹಾವೇರಿ ಕಡೆ ಲಾರಿ ಹತ್ತಿಸಿದ. ಮಕ್ಕಳ ಚೀಲ ಶಾಲೆಯಲ್ಲೇ ಉಳಿಯಿತು. ದುಡ್ಡು ವಾಪಸ್ ಬರಲಿಲ್ಲ.

ಆದರೂ ಹೇಳುತ್ತೇನೆ, ನಮ್ಮ ಶಾಲೆ ಇವತ್ತು ಬಾಗಿಲು ತೆಗೆದಿದೆ ಅಂದರೆ ಆ ಮಕ್ಕಳಿಂದ.

ತೋಡೂರಿನವನು:
ಅಂದರೆ ನಿಮಗೆ ಬೇಕಾದದ್ದು ತಲೆ ಎಣಿಕೆ. ನಿಮ್ಮ ಮಕ್ಕಳು ವ್ಯಾನಿನಲ್ಲಿ, ಅವರ ಮಕ್ಕಳು ನಿಮ್ಮ ಶಾಲೆ ಉಳಿಸಲಿಕ್ಕೆ! ನಾವು ಕಾರವಾರದ ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟು ಬಂದವರು. 1986ರಲ್ಲಿ ಅಡಿಗಲ್ಲು ಬಿತ್ತು. ಪರಿಹಾರಕ್ಕೆ ಕೋರ್ಟು ಅಲೆದು ನಮ್ಮ ಅಪ್ಪಂದಿರು ಮುದುಕರಾದರು. ಪುನರ್ವಸತಿ ಜಾಗಕ್ಕೆ ಬಂದ ಮೊದಲ ವರ್ಷ ನನ್ನ ತಂಗಿಯ ಓದು ನಿಂತಿತು, ಮತ್ತೆ ಶುರುವಾಗಲಿಲ್ಲ. ಆಗ ಯಾರೂ ರಿಕ್ಷಾ ಮಾಡಲಿಲ್ಲ. ನಮ್ಮ ಜಿಲ್ಲೆಯಲ್ಲೇ ನೆಲೆ ಕಳೆದುಕೊಂಡವರಿಗೆ ಮೊದಲು ಮಾಡಿ.

ಅಂಕೋಲೆಯ ಮಾಸ್ತರು:
ತಮ್ಮಾ, ನಿನ್ನ ತಂಗಿಗೆ ಆದದ್ದು ಅನ್ಯಾಯ. ಅದನ್ನು ಕಣ್ಣಾರೆ ಕಂಡವನು ನಾನು, ಅಂಥ ಮಕ್ಕಳು ನನ್ನ ತರಗತಿಯಲ್ಲೂ ಇದ್ದರು. ಹಾಗಂತ ಒಡಿಶಾದ ಹುಡುಗಿಯ ಓದೂ ನಿಲ್ಲಬೇಕು ಅಂತೀಯಾ? ನಿಮಗೆ ಹೋರಾಟ ಸಮಿತಿ ಇತ್ತು, ಮತ ಇತ್ತು. ಇವರಿಗೆ ಇಲ್ಲಿ ಮತವೂ ಇಲ್ಲ.

ತೋಡೂರಿನವನು:
ಮತ ಇತ್ತು, ಮನೆ ಇರಲಿಲ್ಲ ಮಾಸ್ತರೇ.

ಮುಂಡಗೋಡದವಳು:
ಎಲ್ಲರೂ ಒಂದೇ ಶಾಲೆಗೆ ತಳ್ಳುವ ಮಾತೇ ಆಡುತ್ತಿದ್ದೀರಿ. ನಮ್ಮಲ್ಲಿ ಬೇರೆ ದಾರಿ ಇದೆ. 1966ರಿಂದ ಟಿಬೆಟನ್ನರು ಮುಂಡಗೋಡದಲ್ಲಿದ್ದಾರೆ. ಅವರದೇ ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಡ್ರೆಪುಂಗ್, ಗಾಂಡೆನ್ ಮಠಗಳು. ಭಾಷೆ ಉಳಿಯಿತು, ಮಕ್ಕಳು ದಾರಿ ತಪ್ಪಲಿಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿಯಲ್ಲಿ ಸರ್ಕಾರಿ ಯೋಜನೆಗಳನ್ನು ಅವರಿಗೂ ಕೊಡಿ ಎಂದು ರಾಜ್ಯಗಳಿಗೆ ಕೇಂದ್ರ ಹೇಳಿತು. ನಾನು ಕ್ಯಾಂಪಿನ ಹುಡುಗರಿಗೆ ಕನ್ನಡ ಹೇಳಿಕೊಟ್ಟವಳು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಪಂಚಾಯ್ತಿ ಅರ್ಜಿ ಇಟ್ಟುಕೊಂಡೇ ಕಲಿಸಿದೆ. ಯಾರೂ ಸಂಬಳ ಕೊಡಲಿಲ್ಲ, ಬಸ್ ಚಾರ್ಜು ನನ್ನದೇ. ಮೊದಲು ಅವರ ಜನರ ಕೈಗೆ ದುಡ್ಡು, ಜವಾಬ್ದಾರಿ ಕೊಡಿ. ಒಡಿಯಾ ಬರುವ ಒಬ್ಬ ತಾಯಿಯನ್ನು ಪಾಠಕ್ಕೆ ಕೂರಿಸಿ.

ಶಿರಸಿ ತೋಟದಮನೆ:
ಅಕ್ಕಾ, ಅವರಿಗೆ ಜಮೀನು ಕೊಟ್ಟು ಕೂರಿಸಿದರು, ಹಿಂದೆ ದೊಡ್ಡ ಗುರುಗಳಿದ್ದರು. ಶೆಡ್ಡಿನಲ್ಲಿರುವವರಿಗೆ ನಾಳೆ ಯಾವ ಊರೋ ಗೊತ್ತಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಷ್ಟು ವರ್ಷ ಇಲ್ಲಿದ್ದೂ ಎಷ್ಟೋ ಜನಕ್ಕೆ ಸಂತೆ ಕನ್ನಡ ಮಾತ್ರ ಬರುತ್ತದೆ.

ಮುಂಡಗೋಡದವಳು:
ನಿಮ್ಮೂರಿನವರಿಗೆ ಎಷ್ಟು ಟಿಬೆಟನ್ ಬರುತ್ತದೆ? ಸಂತೆ ಕನ್ನಡದಲ್ಲೇ ಅವರು ನಮ್ಮ ಜೋಳ ಕೊಂಡಿದ್ದಾರೆ, ನಮ್ಮ ಹುಡುಗರಿಗೆ ಕೆಲಸ ಕೊಟ್ಟಿದ್ದಾರೆ.

ಕುಮಟಾ, ಸಣ್ಣ ಟ್ರಸ್ಟ್ ನಡೆಸುವವಳು:
ದುಡ್ಡಿನ ಪ್ರಶ್ನೆ ಕೇಳಿದ್ದಾರೆ, ನೀವು ಜೋಳಕ್ಕೆ ಬಂದಿರಿ. ಕಂಪನಿ ದುಡ್ಡು ಸುಲಭ ಅಂದುಕೊಂಡು ನಾವು ಹೊರಟೆವು. ಟ್ರಸ್ಟ್ ನೋಂದಣಿ ಆಯಿತು. ಆಮೇಲೆ ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ. ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್‌ಆರ್) ದುಡ್ಡು ಪಡೆಯಲು 2021ರಿಂದ ಸಿಎಸ್‌ಆರ್-1 ಫಾರ್ಮೂ ಬೇಕು. ಆಡಿಟರಿಗೆ ಮೊದಲ ವರ್ಷವೇ 18,000 ಹೋಯಿತು. ಮೂರು ವರ್ಷದ ಲೆಕ್ಕ ತೋರಿಸಿ ಅಂದರು. ತೋರಿಸಿದೆವು. ಕೊನೆಗೆ ಹೆಸರು ಅಚ್ಚು ಹಾಕಿದ ಚೀಲ ಕೊಟ್ಟು ಫೋಟೋ ತೆಗೆಸಿಕೊಂಡು ಹೋದರು. ನಾವು ಕೇಳಿದ್ದು ಪಾಠ ಹೇಳುವ ಅಕ್ಕೋರಿಗೆ ತಿಂಗಳಿಗೆ 7,000. ಅದು ಅವರ ಪಟ್ಟಿಯಲ್ಲೇ ಇಲ್ಲವಂತೆ. ಅಕ್ಕೋರು ಐದು ತಿಂಗಳು ಸಂಬಳ ಇಲ್ಲದೆ ಬಂದು, ಆಮೇಲೆ ಗೇರುಬೀಜದ ಫ್ಯಾಕ್ಟರಿಗೆ ಸೇರಿದರು. ಅವರನ್ನು ದೂರಲಿಕ್ಕೆ ನನಗೆ ಬಾಯಿಲ್ಲ.

ಈಗ ನಡೆಯುತ್ತಿರುವುದು ಬೋಟ್ ಮಾಲೀಕರಿಂದ. ತಿಂಗಳಿಗೆ ತಲಾ 500. ಅವರ ಖಲಾಸಿಗಳ ಮಕ್ಕಳು ತಾನೇ. ಬಂದ್ ಇರುವ ಎರಡು ತಿಂಗಳು ಅದೂ ಇಲ್ಲ. ಜಾಗಕ್ಕೆ ಪಂಚಾಯ್ತಿ ಗ್ರಂಥಾಲಯ ಸಿಕ್ಕಿತು, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಹೊನ್ನಾವರದ ಕಂತ್ರಾಟುದಾರ:
ಕಂತ್ರಾಟುದಾರರನ್ನು ಬೈಯುವುದು ಸುಲಭ. ಕಟ್ಟಡ ಕಟ್ಟುವಾಗ ನಾವು ನೂರಕ್ಕೆ ಒಂದು ರೂಪಾಯಿ ಸೆಸ್ ಕಟ್ಟುತ್ತೇವೆ. 1996ರ ಕಾಯ್ದೆಯಿಂದ ಶುರುವಾದದ್ದು. ಆ ದುಡ್ಡು ಕಟ್ಟಡ ಕಾರ್ಮಿಕರ ಮಂಡಳಿಗೆ ಹೋಗುತ್ತದೆ. ಕಾರ್ಡ್ ಇದ್ದರೆ ಮಕ್ಕಳ ಓದಿಗೆ ಸಹಾಯಧನ ಇದೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು, ಅಷ್ಟೇ. ನನ್ನ ಕೆಲಸಗಾರರಿಗೆಲ್ಲ ನಾನೇ ಸಹಿ ಹಾಕಿ ಕಾರ್ಡ್ ಮಾಡಿಸಿದ್ದೇನೆ.

ಕುಮಟಾ ಟ್ರಸ್ಟಿನವಳು:
ನೀವು ಹಾಕಿರಬಹುದು ಮಾರಾಯ್ರೇ. ನಮ್ಮ ಕಡೆ ಸಹಿ ಹಾಕಿ ಅಂದರೆ ಕಾಲು ಕೀಳುತ್ತಾರೆ. 90 ದಿನ ಅಂತ ಬರೆದುಕೊಟ್ಟರೆ ತಮ್ಮ ಹೆಸರು ದಾಖಲೆಯಲ್ಲಿ ನಿಲ್ಲುತ್ತದೆ ಅಂತ ಹೆದರಿಕೆ. ಬೋಟಿನವರಿಗಂತೂ ಆ ಕಾರ್ಡೇ ಸಿಗುವುದಿಲ್ಲ.

ತೋಡೂರಿನವನು:
ಇದೊಂದು ಮಾತು ಸರಿ. ನಮ್ಮ ಕಡೆಯೂ ಹಾಗೇ. ಸಹಿ ಮಾತ್ರ ಕೇಳಬೇಡಿ ಅನ್ನುತ್ತಾರೆ.

ಹೊನ್ನಾವರದ ಕಂತ್ರಾಟುದಾರ:
ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ನನ್ನ ಹಾಜರಿ ಪುಸ್ತಕ ಯಾರಿಗೆ ಬೇಕಾದರೂ ತೋರಿಸುತ್ತೇನೆ.

ಕುಮಟಾ ಟ್ರಸ್ಟಿನವಳು:
ಹಾಗಾದರೆ ಭಾನುವಾರ ತನ್ನಿ. ಬೈತಖೋಲದ ಅಕ್ಕನೂ ಬರಲಿ. ಕಟ್ಟಡ ಕೆಲಸದವರ ಹೆಸರೆಲ್ಲ ಬರೆದುಕೊಂಡು ಬರಲಿ, ಅಲ್ಲೇ ಕೂತು ಸಹಿ ಹಾಕಿಕೊಡಿ.