ಬಿಟ್ಟುಹೋದ ಬೆಕ್ಕುಗಳು, ಕೈಗೆ ಸಿಗದ ಬೆಕ್ಕುಗಳು: ಎಲ್ಲವನ್ನೂ ಶೆಲ್ಟರ್‌ಗೆ ಸೇರಿಸೋದು ಸರಿನಾ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ನಮಸ್ಕಾರ. ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದವರು ಊರು ಬಿಟ್ಟರು. ಸಾಕಿದ್ದ ಎರಡು ಬೆಕ್ಕುಗಳನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ಅವರು ಹಾಕುತ್ತಿದ್ದ ಅನ್ನಕ್ಕೆ, ಮೀನಿನ ತಲೆಗೆ ಬರುತ್ತಿದ್ದ ಬೀದಿ ಬೆಕ್ಕುಗಳೂ ಐದಾರಿವೆ. ಅವು ಮನುಷ್ಯರನ್ನು ಕಂಡರೆ ಓಡುತ್ತವೆ. ಅದರಲ್ಲಿ ಒಂದರ ಹೊಟ್ಟೆ ದಪ್ಪ ಆಗಿದೆ. ಮನೆ ಮಾಲೀಕರು "ಚೀಲಕ್ಕೆ ತುಂಬಿ ಎಲ್ಲಾದರೂ ದೂರ ಬಿಟ್ಟು ಬನ್ನಿ" ಅಂತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಎಲ್ಲವನ್ನೂ ದಿಕ್ಕಿಲ್ಲದ ಪ್ರಾಣಿಗಳನ್ನು ನೋಡಿಕೊಳ್ಳುವ ಯಾವುದಾದರೂ ಶೆಲ್ಟರ್‌ಗೆ ಸೇರಿಸಿದರೆ ಆಯ್ತಲ್ವಾ? ಅನುಭವ ಇರುವವರು ದಯವಿಟ್ಟು ಹೇಳಿ.

ಕುವೆಂಪುನಗರದಿಂದ

ಮೇಡಂ, ಮೊದಲು ಆ ಚೀಲದ ಮಾತು. ದಯವಿಟ್ಟು ಬೇಡ. ಎಲ್ಲಿ ಊಟ ಸಿಗುತ್ತೆ, ಯಾವ ಸಂದಿಗೆ ನಾಯಿ ನುಗ್ಗೋಕೆ ಆಗಲ್ಲ, ಮಳೆ ಬಂದರೆ ಎಲ್ಲಿ ನಿಲ್ಲಬೇಕು, ಇದೆಲ್ಲ ಬೆಕ್ಕಿಗೆ ಗೊತ್ತಿರೋದು ತನ್ನ ಜಾಗದಲ್ಲಿ ಮಾತ್ರ. ಗೊತ್ತಿಲ್ಲದ ಕಡೆ ಬಿಟ್ಟರೆ ಹಸಿವಿಗೋ ಗಾಡಿಗೋ ಸಾಯುತ್ತೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳುವ ಹಾಗೆ ಬಿಟ್ಟುಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ದಂಡ ಅಂತ ಅದರಲ್ಲಿ ಇಟ್ಟಿದ್ದು 10ರಿಂದ 50 ರೂಪಾಯಿ. ಒಂದು ಜೀವಕ್ಕೆ ಅದು ಏನೇನೂ ಸಾಲದು. ಆದರೂ ಕಾನೂನು ಇದೆ ಅಂತ ಮಾಲೀಕರಿಗೆ ಮೆತ್ತಗೆ ಹೇಳಿ ನೋಡಿ.

ಇನ್ನು ನಿಮ್ಮ ಪ್ರಶ್ನೆ. ಎಲ್ಲವನ್ನೂ ಒಟ್ಟಿಗೆ ಸೇರಿಸಬೇಡಿ. ಯಾವ ಬೆಕ್ಕು ಯಾವ ಥರದ್ದು ಅಂತ ಮೊದಲು ನೋಡಿ. ಸಾಕಿದ ಬೆಕ್ಕು ಕೂಡ ಮನೆ ಕಳೆದುಕೊಂಡ ಮೊದಲಲ್ಲಿ ಹೆದರಿ ಬಚ್ಚಿಟ್ಟುಕೊಳ್ಳುತ್ತೆ. ಆದರೆ ದಿನಾ ಒಂದೇ ಹೊತ್ತಿಗೆ ಊಟ ಇಟ್ಟು, ಹತ್ತಿರ ಸುಮ್ನೆ ಕೂತಿದ್ದರೆ ಬಾಲ ನೆಟ್ಟಗೆ ಮಾಡಿಕೊಂಡು ಬರುತ್ತೆ. ನಿಮ್ಮನ್ನು ನೋಡಿ ಮಿಯಾಂವ್ ಅನ್ನುತ್ತೆ. ಜನರ ಸಹವಾಸವೇ ಇಲ್ಲದೆ ಬೆಳೆದದ್ದು ಸಾಮಾನ್ಯವಾಗಿ ನಮ್ಮ ಹತ್ತಿರ ಬಾಯಿ ಬಿಡಲ್ಲ. ನೆಲಕ್ಕೆ ಅಂಟಿಕೊಂಡು ಕೂತು ನೋಡುತ್ತೆ, ನೀವು ದೂರ ಹೋದ ಮೇಲೆ ತಿನ್ನುತ್ತೆ.

ಮೊದಲನೇ ಥರದ್ದಕ್ಕೆ ಬೇಕಾಗಿರೋದು ಇನ್ನೊಂದು ಮನೆ. ಶೆಲ್ಟರ್ ಅದಕ್ಕೆ ನಡುವಿನ ತಂಗುದಾಣ ಅಷ್ಟೇ. ಎರಡನೇ ಥರದ್ದಕ್ಕೆ ಬೇಕಾಗಿರೋದು ಆಪರೇಷನ್, ಆಮೇಲೆ ಅದರದೇ ಜಾಗ. ಬೋನಿನಲ್ಲಿ ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿಸಿ, ವಾಪಸ್ ಅಲ್ಲೇ ಬಿಡೋದು. ಅರಿವಳಿಕೆ ಇಳಿಯೋ ಮುಂಚೆಯೇ ಕಿವಿಯ ತುದಿ ಸ್ವಲ್ಪ ಕತ್ತರಿಸುತ್ತಾರೆ. ದೂರದಿಂದಲೇ "ಇದಕ್ಕೆ ಆಗಿದೆ" ಅಂತ ಗೊತ್ತಾಗಲಿ ಅಂತ. ಎಲ್ಲವನ್ನೂ ಎತ್ತಿಕೊಂಡು ಹೋದರೆ ಕಾಂಪೌಂಡ್ ಖಾಲಿ ಉಳಿಯುತ್ತೆ ಅಂತ ಮಾಲೀಕರು ಅಂದುಕೊಂಡಿರಬಹುದು. ಊಟ ಸಿಗೋ ಜಾಗ ಖಾಲಿ ಇರಲ್ಲ, ಬೇರೆ ಬೆಕ್ಕು ಬಂದು ಸೇರುತ್ತೆ. ಆಪರೇಷನ್ ಆದವು ಅಲ್ಲೇ ಇದ್ದರೆ ರಾತ್ರಿ ಜಗಳ, ಕೂಗಾಟ, ಗೋಡೆ ಮೇಲಿನ ಗಂಡು ಬೆಕ್ಕಿನ ಉಚ್ಚೆ ನಾತ ಎಲ್ಲ ಕಡಿಮೆ ಆಗುತ್ತೆ.

ವಾಪಸ್ ಬಿಡೋಕೆ ಜಾಗವೇ ಇಲ್ಲದಿದ್ದಾಗ ಮಾತ್ರ ಅಂಥ ಬೆಕ್ಕಿಗೆ ಶೆಲ್ಟರ್. ನಾನು ವಾರದ ಕೊನೆಯಲ್ಲಿ ಒಂದು ಚಿಕ್ಕ ಶೆಲ್ಟರ್‌ನಲ್ಲಿ ಕೆಲಸ ಮಾಡುತ್ತೇನೆ. ಹಳೇ ಮನೆ ಕೆಡವಿದ ಕಡೆಯಿಂದ ಬಂದ ಒಂದು ಕಪ್ಪು ಬಿಳುಪು ಹೆಣ್ಣು ಬೆಕ್ಕು ಅಲ್ಲಿದೆ. ಬಂದಾಗ ಬೀರುವಿನ ಮೇಲೆ, ಗೋಡೆಯ ಮೂಲೆಗೆ ಬೆನ್ನು ಒತ್ತಿಕೊಂಡು ಕೂತಿತ್ತು. ಯಾರಾದರೂ ತಲೆ ಎತ್ತಿ ನೋಡಿದರೂ ಹಿಸ್ ಅನ್ನುತ್ತಿತ್ತು. ರಾತ್ರಿ ದೀಪ ಆರಿಸಿದ ಮೇಲೇ ತಿನ್ನುತ್ತಿತ್ತು. ನಾವು ಮಾಡಿದ್ದು ಇಷ್ಟೇ: ಒಂದು ರಟ್ಟಿನ ಡಬ್ಬಕ್ಕೆ ಎರಡು ಕಡೆ ತೂತು ಮಾಡಿ ಮೇಲಿಟ್ಟೆವು, ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ಕೈ ಚಾಚಲಿಲ್ಲ. ಈಗ ನಾನು ಕಸ ಗುಡಿಸುವಾಗ ಕೈಗೆಟುಕುವಷ್ಟು ದೂರದಲ್ಲಿ ಬಂದು ಕೂರುತ್ತೆ. ಪೊರಕೆ ಹೋದ ಕಡೆ ಕಣ್ಣು ಹೋಗುತ್ತೆ. ನಾನು ನಿಧಾನಕ್ಕೆ ಕಣ್ಣು ಮುಚ್ಚಿ ತೆರೆದರೆ ಅದೂ ಹಾಗೇ ಮಾಡುತ್ತೆ. ಇವತ್ತಿಗೂ ಮುಟ್ಟೋಕೆ ಬಿಡಲ್ಲ. ಬಿಡದೇ ಇರಲಿ. ಹೊಟ್ಟೆ ತುಂಬಾ ಊಟ ಇದೆ, ಹೆದರಿಕೆ ಇಲ್ಲ, ಪದೇ ಪದೇ ಬಸಿರು ಇಲ್ಲ. ಮಡಿಲಲ್ಲಿ ಮಲಗಿದರೆ ಮಾತ್ರ ಬೆಕ್ಕು ಉದ್ಧಾರ ಆಯ್ತು ಅನ್ನೋದನ್ನು ನಾನು ಒಪ್ಪಲ್ಲ.

ಶೆಲ್ಟರ್ ಹುಡುಕುವಾಗ ಒಮ್ಮೆ ಖುದ್ದಾಗಿ ಹೋಗಿ ನೋಡಿ. ಮೂಗಿಗೇ ಅರ್ಧ ಗೊತ್ತಾಗುತ್ತೆ. ಹೊಸದಾಗಿ ಬಂದ ಬೆಕ್ಕನ್ನು ಎರಡು ವಾರವಾದರೂ ಬೇರೆ ಇಡುತ್ತಾರಾ? ಬೆಕ್ಕು ತಪ್ಪಿಸಿಕೊಳ್ಳದ ಹಾಗೆ ಬಾಗಿಲು ಎರಡು ಹಂತದ್ದಾ? ಹತ್ತಿ ಕೂರೋಕೆ ಎತ್ತರದ ಹಲಗೆ ಇವೆಯಾ? "ಈಗ ಜಾಗ ಇಲ್ಲ" ಅಂತ ಹೇಳುವ ಶೆಲ್ಟರ್ ಮೇಲೆ ಸಿಟ್ಟಾಗಬೇಡಿ. ಎಷ್ಟು ತಂದರೂ ತೆಗೆದುಕೊಳ್ಳುವ ಕಡೆಗೇ ನಾನು ಹೆದರೋದು. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಅನ್ನೋ ಪ್ರಾಣಿ ರಕ್ಷಣಾ ಸಂಸ್ಥೆ ಇದೆ, ಕೇಳಿ ನೋಡಿ. ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್ ಮುಖ್ಯವಾಗಿ ದನಗಳಿಗೆ, ಬೆಕ್ಕು ತೆಗೆದುಕೊಂಡು ಅಲ್ಲಿಗೆ ಹೋಗಬೇಡಿ.

ಮಂಡ್ಯದಿಂದ

ಅಕ್ಕ, ಕೈಗೆ ಸಿಗದ ಬೆಕ್ಕಿಗೆ ಇನ್ನೊಂದು ದಾರಿ ಇದೆ. ನಮ್ಮದು ಆಲೆಮನೆ, ಪಕ್ಕದಲ್ಲೇ ಭತ್ತದ ಗೋದಾಮು. ಇಲಿ ಕಾಟ ಜಾಸ್ತಿ. ಮೈಸೂರಿನಿಂದ ಆಪರೇಷನ್ ಆದ ಎರಡು ಕೊತ್ತಿ ತಂದುಕೊಂಡೆವು. ತಂದ ಕೂಡಲೇ ಬಿಡಬಾರದು, ಬಿಟ್ಟರೆ ಹಳೇ ಜಾಗ ಹುಡುಕಿಕೊಂಡು ಹೊರಟುಬಿಡುತ್ತವೆ. ಗೋದಾಮಿನ ಒಳಗೇ ಜಾಲರಿ ಕಟ್ಟಿ, ಮೂರು ನಾಲ್ಕು ವಾರ ಅಲ್ಲೇ ಊಟ, ನೀರು, ಮರಳಿನ ತಟ್ಟೆ ಕೊಡಬೇಕು. ಆ ಜಾಗದ ವಾಸನೆ, ಗಾಣದ ಸದ್ದು, ನಮ್ಮ ದನಿ ಎಲ್ಲ ಅಭ್ಯಾಸ ಆಗಬೇಕು. ಇಲಿ ಹಿಡಿಯಲಿ ಅಂತ ಹಸಿವಿನಲ್ಲಿ ಇಡೋದು ಪಾಪ. ಹೊಟ್ಟೆ ತುಂಬಿದ ಕೊತ್ತಿಯೂ ಇಲಿ ಹಿಡಿಯುತ್ತೆ. ಇನ್ನೊಂದು ಮಾತು, ಇಲಿ ಪಾಷಾಣ ಇಡುವ ಕಡೆಗೆ ಯಾವತ್ತೂ ಕೊಡಬೇಡಿ. ಪಾಷಾಣ ತಿಂದ ಇಲಿಯನ್ನು ತಿಂದು ಕೊತ್ತಿಯೂ ಸಾಯಬಹುದು.

ಜಯಲಕ್ಷ್ಮೀಪುರಂನಿಂದ (ಪಶುವೈದ್ಯರ ಕ್ಲಿನಿಕ್‌ನಲ್ಲಿ ಕೆಲಸ)

ಆರೋಗ್ಯದ ವಿಷಯ ಸ್ವಲ್ಪ. ಹಿಡಿಯುವ ಮುಂಚೆ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಳ್ಳಿ, ಹಿಡಿದ ಮೇಲೆ ಅಲ್ಲ. ಬೋನಿನೊಳಗೆ ಹುರಿದ ಬಂಗುಡೆ ಇಟ್ಟರೆ ವಾಸನೆಗೆ ಬರುತ್ತೆ. ಬಾಗಿಲು ಬಿದ್ದ ತಕ್ಷಣ ಬೋನಿನ ಮೇಲೆ ಹಳೇ ಬೆಡ್‌ಶೀಟ್ ಪೂರ್ತಿ ಹೊದಿಸಿ. ಗೋಡೆಗೆ ಹಾಯುತ್ತಿದ್ದ ಬೆಕ್ಕು ಕತ್ತಲಾದ ಮೇಲೆ ಸುಮ್ಮನಾಗುತ್ತೆ. ಬರಿಗೈಯಲ್ಲಿ ಹಿಡಿಯೋಕೆ ಹೋಗಬೇಡಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ವಿಚಾರಿಸಿ.

ಜ್ವರ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಅದು ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಪ್ರಾಣ ತೆಗೆಯುತ್ತೆ. ನಾಯಿಗೆ ಹಾಕುವ ಉಣ್ಣೆ ಔಷಧಿಯಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಅದೂ ಹಾಗೇ. ಬೆಕ್ಕು ಇರುವ ಕೋಣೆ ಒರೆಸೋಕೆ ಫಿನೈಲ್ ಬೇಡ. ಕಾಲಿಗೆ ಅಂಟಿದ್ದನ್ನು ನೆಕ್ಕಿ ಒಳಗೆ ತೆಗೆದುಕೊಳ್ಳುತ್ತೆ. ಬ್ಲೀಚ್ 1 ಭಾಗಕ್ಕೆ 32 ಭಾಗ ನೀರು ಬೆರೆಸಿ ಒರೆಸಿ, ಒಣಗಿದ ಮೇಲೆ ಬೆಕ್ಕನ್ನು ಒಳಗೆ ಬಿಡಿ. ಮರಿಗಳನ್ನು ಸಾಲುಸಾಲಾಗಿ ಸಾಯಿಸುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ತಿಂಗಳುಗಟ್ಟಲೆ ನೆಲದಲ್ಲೇ ಉಳಿಯುತ್ತೆ. ಅದಕ್ಕೇ ಇಷ್ಟು ಹೇಳುತ್ತಿರೋದು.

ಹೊಸ ಜಾಗಕ್ಕೆ ಬಂದ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ "ಹಸಿವಾದರೆ ತಿನ್ನುತ್ತೆ ಬಿಡಿ" ಅನ್ನಬೇಡಿ. ಲಿವರ್ ಕೆಡುತ್ತೆ. ಡಾಕ್ಟರಿಗೆ ತೋರಿಸಿ.

ಸರಸ್ವತಿಪುರಂನಿಂದ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದ. ನಿಮ್ಮ ಮಾತು ಕೇಳಿ ಧೈರ್ಯ ಬಂತು. ಸಾಕಿದ್ದ ಎರಡರಲ್ಲಿ ಒಂದು ಈಗ ನಮ್ಮ ಅಡುಗೆಮನೆ ಬಾಗಿಲಿಗೆ ಬಂದು ಕೂರುತ್ತಿದೆ. ನಮ್ಮ ಯಜಮಾನರೇ ಊಟ ಹಾಕುತ್ತಿದ್ದಾರೆ. ಬಸಿರಿ ಬೆಕ್ಕು ಸ್ಟೋರ್ ರೂಮಿನಲ್ಲಿ ಮರಿ ಹಾಕಿದೆ. ಈಗ ಅವುಗಳನ್ನು ಎತ್ತಿಕೊಂಡು ಬರಲಾ?

ಕುವೆಂಪುನಗರದಿಂದ

ಈಗಲೇ ಬೇಡ ಮೇಡಂ. ತಾಯಿ ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತಾರಲ್ಲ, ಕೈ ಹಾಕಿದರೆ ರಾತ್ರೋರಾತ್ರಿ ಬೇರೆ ಕಡೆ ಸಾಗಿಸಿಬಿಡುತ್ತೆ. ಬಾಗಿಲ ಹತ್ತಿರ ತಾಯಿಗೆ ಚೆನ್ನಾಗಿ ಊಟ, ನೀರು ಇಡಿ. ತಾಯಿ ಒಂದೆರಡು ಗಂಟೆ ಕಾಣದಿದ್ದರೆ ಅನಾಥ ಮರಿಗಳು ಅಂತ ಅಂದುಕೊಳ್ಳಬೇಡಿ, ಊಟಕ್ಕೆ ಹೋಗಿರುತ್ತೆ. ನಿಜಕ್ಕೂ ತಾಯಿ ಬರಲೇ ಇಲ್ಲ ಅಂದರೆ ಮೊದಲು ಮರಿಯನ್ನು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಹಾಲು ಜೀರ್ಣ ಆಗಲ್ಲ. ಹಸುವಿನ ಹಾಲು ಬೇಡ, ಭೇದಿ ಆಗುತ್ತೆ. ಮರಿಗಳಿಗೆ ಅಂತಲೇ ಹಾಲಿನ ಪುಡಿ ಬರುತ್ತೆ. ಕುಡಿಸುವಾಗ ಹೊಟ್ಟೆ ಕೆಳಗೆ ಇರುವ ಹಾಗೆ ಹಿಡಿಯಿರಿ, ಅಂಗಾತ ಅಲ್ಲ. ಕುಡಿದಾದ ಮೇಲೆ ಬೆಚ್ಚನೆ ಒದ್ದೆ ಹತ್ತಿಯಿಂದ ಕೆಳಗೆ ಒರೆಸಬೇಕು. ಎಳೇ ಮರಿಗಳಿಗೆ ತಾವಾಗಿ ಉಚ್ಚೆ ಹೊಯ್ಯೋಕೆ ಬರಲ್ಲ.

ಎರಡನೇ ವಾರದಿಂದ ಏಳನೇ ವಾರದ ತನಕ ಮರಿಗಳು ಮನುಷ್ಯರನ್ನು ಒಪ್ಪಿಕೊಳ್ಳುವ ಕಾಲ. ತಾಯಿ ನಿಮ್ಮನ್ನು ಸಹಿಸಿಕೊಳ್ಳೋಕೆ ಶುರು ಮಾಡಿದ ಮೇಲೆ ದಿನಾ ಸ್ವಲ್ಪ ಹೊತ್ತು ಮರಿಗಳನ್ನು ಎತ್ತಿ ಆಡಿಸಿ. ಇಷ್ಟು ಮಾಡಿದರೆ ಆ ಮರಿಗಳು ಮನೆಗೆ ಹೋಗುವ ಬೆಕ್ಕುಗಳಾಗುತ್ತವೆ. ಎರಡು ತಿಂಗಳು ತುಂಬಿದ ಮೇಲೆ ಲಸಿಕೆ ಹಾಕಿಸಿ, ಗೊತ್ತಿರುವವರಿಗೆ, ಆದಷ್ಟು ಜೋಡಿಯಾಗಿ ಕೊಡಿ. ಮರಿ ನಾಲ್ಕೈದು ತಿಂಗಳಿಗೇ ಬಸಿರಾಗಬಹುದು. ಅದಕ್ಕೇ ಆಪರೇಷನ್ ಮಾಡಿಸುತ್ತೇವೆ ಅಂತ ಒಪ್ಪಿದವರಿಗೆ ಮಾತ್ರ ಕೊಡಿ. ತಾಯಿಯನ್ನೂ ಬಿಡಬೇಡಿ. ಹಾಲೂಡಿಸುತ್ತಿರುವಾಗಲೇ ಮತ್ತೆ ಬಸಿರಾಗಬಹುದು, ಮರಿ ಹಾಲು ಬಿಟ್ಟ ಕೂಡಲೇ ಮಾಡಿಸಿ.

ಉಳಿದವಕ್ಕೆ ಬೋನು ಬೇಕಲ್ವಾ? ನಮ್ಮ ಹತ್ತಿರ ಒಂದಿದೆ. ಡಾಕ್ಟರ ದಿನ ಗೊತ್ತಾದ ಮೇಲೆ ಹೇಳಿ, ಹಿಂದಿನ ಸಂಜೆ ತಂದು ಹೇಗೆ ಇಡೋದು ಅಂತ ತೋರಿಸಿಕೊಡುತ್ತೇನೆ.