ಸಹಾಯ ಬೇಕು: ಅಪೆಂಡಿಕ್ಸ್ ಆಪರೇಷನ್ ಆದಮೇಲೆ ಪಿತ್ತಕೋಶದ ಕಲ್ಲು ಬಂದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ 2021ರಲ್ಲಿ ಹೊಟ್ಟೆ ಕೊಯ್ದು ಅಪೆಂಡಿಕ್ಸ್ ತೆಗೆದಿದ್ದರು. ಆಮೇಲೆ ಆರಾಮಾಗಿದ್ದಳು. ಈಗ ಕೆಲವು ತಿಂಗಳಿಂದ ಬೋಂಡಾ, ತುಪ್ಪದ ಹೋಳಿಗೆ ಅಂತ ಜಿಡ್ಡಿನದ್ದು ತಿಂದ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುತ್ತದೆ. ನೋವು ಬೆನ್ನಿಗೂ ಬಲ ಭುಜಕ್ಕೂ ಹರಿಯುತ್ತದೆ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳು ಕಂಡಿವೆ.

ಅಪೆಂಡಿಕ್ಸ್ ತೆಗೆಸಿದ್ದಕ್ಕೇ ಹೀಗಾಯ್ತಾ ಅನ್ನೋದು ಅವಳ ಕೊರಗು. ತೈವಾನಿನಲ್ಲಿ ಆರೋಗ್ಯ ವಿಮೆಯ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಅಪೆಂಡಿಕ್ಸ್ ತೆಗೆಸಿಕೊಂಡವರಲ್ಲಿ ಮುಂದಿನ 5 ವರ್ಷಗಳಲ್ಲಿ ಪಿತ್ತಕೋಶದ ಕಲ್ಲು ಜಾಸ್ತಿ ಕಂಡುಬಂತು ಅಂತ ಅದರಲ್ಲಿದೆ. ಆದರೆ ಅಷ್ಟಕ್ಕೇ ಒಂದರಿಂದಲೇ ಇನ್ನೊಂದು ಆಯ್ತು ಅನ್ನೋಕಾಗಲ್ಲ, ಅಲ್ವಾ? ಹೆಂಗಸರಿಗೆ, ಮಕ್ಕಳಾದವರಿಗೆ, ತೂಕ ಒಮ್ಮೆಲೇ ಇಳಿಸಿದವರಿಗೆ ಈ ಕಲ್ಲು ಹೇಗೂ ಜಾಸ್ತಿ. ಅಕ್ಕ ಹೋದ ವರ್ಷ ರಾತ್ರಿ ಊಟ ಬಿಟ್ಟು ಸಿಕ್ಕಾಪಟ್ಟೆ ತೂಕ ಇಳಿಸಿದ್ದಳು. ನನಗೆ ಅದರ ಮೇಲೇ ಅನುಮಾನ.

ನೋವು ಮತ್ತೆ ಮತ್ತೆ ಬರುತ್ತಿರುವುದರಿಂದ ಪಿತ್ತಕೋಶ ತೆಗೆಸಿಬಿಡಿ ಅಂದಿದ್ದಾರೆ ಸರ್ಜನ್. ಹಿಂದೆ ಆಪರೇಷನ್ ಆದ ಹೊಟ್ಟೆಗೆ ಲ್ಯಾಪರೋಸ್ಕೋಪಿ (ಸಣ್ಣ ತೂತುಗಳಿಂದ ಮಾಡುವ ಆಪರೇಷನ್) ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ. ಹಳೇ ಗಾಯದಿಂದ ತೊಂದರೆ ಆಯ್ತಾ? ಮನೆಗೆ ಯಾವಾಗ ಕಳಿಸಿದರು? ಏನು ಪಥ್ಯ ಇತ್ತು?

ಎಣ್ಣೆ, ನಿಂಬೆರಸ ಕುಡಿಸಿ ಅನ್ನೋ ಸಲಹೆ ಮಾತ್ರ ಬೇಡ, ಅದರಿಂದ ಕಲ್ಲು ಕರಗಲ್ಲ. ಜ್ವರ ಬಂದರೆ, ಕಣ್ಣು ಹಳದಿಯಾದರೆ ತಕ್ಷಣ ಬನ್ನಿ ಅಂತಲೂ ಹೇಳಿದ್ದಾರೆ, ಅಮ್ಮನಿಗೆ ಅದೇ ಭಯ. ಗುಂಪಿನಲ್ಲಿ ಡಾಕ್ಟರ್ ಯಾರಾದರೂ ಇದ್ದರೆ ಎರಡು ಮಾತು ಬರೆಯಿರಿ.